ನಿನಗೇನ ಅನಸ್ತದ?

ಶಾಲೆಯಲ್ಲಿ ಕಲಿಸುವವರ ಬಾಯಿಗೆ ಬಾರದ ಮಾತೊಂದಿದೆ: ‘ನನಗೆ ಗೊತ್ತಿಲ್ಲ’. ನೆಂಟರ ಮನೆಯಲ್ಲಿ, ಬ್ಯಾಂಕಿನಲ್ಲಿ, ಕಲ್ಯಾಣ್ ಊರಿನ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೇಳಿದವರ ಮುಂದೆ ಅದನ್ನು ಧಾರಾಳವಾಗಿ ಹೇಳುತ್ತೇವೆ. ಕೈಗೆ ಸೀಮೆಸುಣ್ಣ ಬಂತೋ, ನಾಲಿಗೆ ಹೊರಳುವುದಿಲ್ಲ. ನಾನು ಧಾರವಾಡದ ಕಡೆಯವಳು, ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಕನ್ನಡದಲ್ಲಿ ಒಂದು ಅನುಕೂಲವಿದೆ. ಪದ್ಯದ ಅರ್ಥ ಹೊಳೆಯದಿದ್ದರೆ ‘ಕವಿಯ ಭಾವ ಬಹಳ ಆಳವಾದದ್ದು’ ಎಂದು ಮುಂದಿನ ಸಾಲಿಗೆ ಹೋಗಬಹುದು. ವಿಜ್ಞಾನದಲ್ಲಿ ಇದು ನಡೆಯುವುದಿಲ್ಲವೆಂದು ತಿಳಿದದ್ದು, ವಿಜ್ಞಾನದ ಮಾಸ್ತರರು ನಿವೃತ್ತರಾಗಿ ಅವರ ಪಿರಿಯಡ್ಡುಗಳೆಲ್ಲ ನನ್ನ ಕೊರಳಿಗೆ ಬಿದ್ದಾಗ. “ಎಂತ ಮಾಡುದು ಮೇಡಂ, ಹೊಸಬರು ಸಿಗುವವರೆಗೆ ನೀವೇ ಸ್ವಲ್ಪ ಸುಧಾರಿಸಿ” ಎಂದರು ಉಡುಪಿ ಕಡೆಯ ನಮ್ಮ ಹೆಡ್‌ಮಾಸ್ಟರು. ಡೊಂಬಿವಲಿಯಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿಸುವ ಹೊಸಬರು ಸಿಗುವುದೂ ಒಂದೇ, ಸಂಜೆಯ ಫಾಸ್ಟ್ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದೂ ಒಂದೇ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಶಾಲೆಗೆ ಕಂಪ್ಯೂಟರು ದಾನ ಕೊಟ್ಟರು. ಅದರಲ್ಲಿ ಪ್ರಯೋಗಗಳನ್ನು ಪರದೆಯ ಮೇಲೇ ಮಾಡಿ ನೋಡುವ, ಆಟದಂಥ ಪಾಠಗಳಿದ್ದವು. ಮೌಸ್ ಹಿಡಿದು ಎಳೆದರೆ ದಾರ ಉದ್ದವಾಗುತ್ತದೆ, ಗುಂಡು ಭಾರವಾಗುತ್ತದೆ. ಅದನ್ನು ಕಲಿಸುವ ಬಗೆ ತಿಳಿಯಲೆಂದು ನನ್ನನ್ನು ಪಕ್ಕದ ಥಾಣೆ ಊರಿಗೆ ತರಬೇತಿಗೆ ಅಟ್ಟಿದರು. ಅಲ್ಲಿ ಹೇಳಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದು ಒಂದೇ: ಶಿಕ್ಷಕರು ಉತ್ತರ ಹೇಳಬಾರದು. ಮಕ್ಕಳು ಮೊದಲು ಊಹಿಸಬೇಕು, ಆಮೇಲೆ ತಾವೇ ಬದಲಿಸಿ ನೋಡಬೇಕು. ಏನು ಕೇಳಿದರೂ ‘ನಿನಗೇನು ಅನಿಸುತ್ತದೆ?’ ಎಂದು ತಿರುಗಿ ಕೇಳಬೇಕು. ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ನನ್ನ ಅಜ್ಞಾನಕ್ಕೆ ಶಾಸ್ತ್ರೋಕ್ತವಾದ ಹೆಸರೊಂದು ಸಿಕ್ಕಿತ್ತು. ಅದೇ ಹುರುಪಿನಲ್ಲಿ ಮನೆಗೆ ಬಂದಾಗ ಯಜಮಾನರು “ಇವತ್ತ ಅಡಿಗಿ ಏನು?” ಎಂದರು. “ನಿಮಗೇನ ಅನಸ್ತದ?” ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಉಡುಪಿ ಹೋಟೆಲಿಗೆ ಹೋದರು.

ತರಗತಿಯಲ್ಲಿ ಮಾತ್ರ ಮಂತ್ರ ಫಲಿಸಿತು. ಎಲ್ಲರಿಗಿಂತ ಹೆಚ್ಚು ಫಲಿಸಿದ್ದು ಪಲ್ಲವಿಗೆ. ಮನೆಯಲ್ಲಿ ತುಳು, ಗೆಳತಿಯರೊಡನೆ ಹಿಂದಿ, ನನ್ನೊಡನೆ ಎಲ್ಲವನ್ನೂ ಕಲಸಿ ಮಾತಾಡುವ ಹುಡುಗಿ. ಬಾಯಿ ತೆರೆದರೆ ಪ್ರಶ್ನೆಯೇ. ನನಗೆ ಅವಳೆಂದರೆ ಜೀವ. ಈ ಪಲ್ಲವಿಯ ತಂದೆ ರಘುರಾಮಣ್ಣ ಒಂದು ದಿನ ಶಾಲೆಗೆ ಬಂದರು. ಥಾಣೆಯ ಕೋಪರಿಯಲ್ಲಿ ಹೋಟೆಲು ನಡೆಸುವವರು, ಸೌಮ್ಯ ಮನುಷ್ಯ. “ಬೇಜಾರು ಮಾಡ್ಬೇಡಿ ಟೀಚರೇ. ಹೋಟೆಲಿನ ಹತ್ತಿರವೇ ಇಂಗ್ಲಿಷ್ ಶಾಲೆ ಉಂಟು. ಜೂನಿನಿಂದ ನನ್ನ ಜೊತೆಯಲ್ಲೇ ಬರ್ತಾಳೆ. ಇಲ್ಲಿ ಎಂತ ಕೇಳಿದ್ರೂ ಟೀಚರು ತಿರುಗಿ ನಮ್ಮನ್ನೇ ಕೇಳ್ತಾರೆ ಅಂತಾಳೆ. ನಿಮಗೆ ಗೊತ್ತಿಲ್ಲವೋ ಅಂತ ನನಗೊಂದು ಸಂಶಯ.” ನನಗೆ ಗಾಬರಿಯಾಯಿತು. ಗುಟ್ಟು ರಟ್ಟಾದದ್ದಕ್ಕೆ ಅರ್ಧ, ಹುಡುಗಿ ಹೋಗುವಳಲ್ಲ ಎಂಬ ಸಂಕಟಕ್ಕೆ ಅರ್ಧ. “ಒಂದು ಪಾಠಾ ಕೂತು ನೋಡ್ರಿ, ಆಮೇಲೆ ಕರಕೊಂಡು ಹೋಗ್ರಿ” ಎಂದೆ.

ಅವರು ಮರುದಿನವೇ ಬಂದು ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಅಂದಿನ ಪಾಠ ಲೋಲಕ. ಲೋಲಕವೆಂದರೆ ಏನೆಂದು ಒಂದು ಪಿಳ್ಳೆಗೂ ಗೊತ್ತಿಲ್ಲ. ಜೋಕಾಲಿ ಎಂದೆ. ಕರಾವಳಿಯ ಮಕ್ಕಳು ಉಯ್ಯಾಲೆ ಎಂದವು, ಉಳಿದವು ಮರಾಠಿಯಲ್ಲಿ “ಅರೇ, ಝೋಪಾಳಾ” ಎಂದು ಪರಿಹರಿಸಿದವು. ದಾರ ಉದ್ದವಾದರೆ ತೂಗಾಟ ನಿಧಾನವಾಗುತ್ತದೆ ಎಂಬಲ್ಲಿಯವರೆಗೆ ನಾನು ಓದಿಕೊಂಡು ಬಂದಿದ್ದೆ. ಪಾಠ ಅಲ್ಲಿಗೆ ಮುಟ್ಟುವ ಮೊದಲೇ ಪಲ್ಲವಿ ಎದ್ದು ನಿಂತಳು. “ಟೀಚರ್, ಗುಂಡು ಭಾರೀ ಮಾಡಿದ್ರೆ ಜಲ್ದಿ ಹೋಗ್ತದಾ?”

ಹೋಗದೆ ಏನು ಎಂದು ನನ್ನ ಮನಸ್ಸು ಹೇಳಿತು. ಬಾಯಿ ಮಾತ್ರ ಅಭ್ಯಾಸಬಲದಿಂದ “ನಿನಗೇನ ಅನಸ್ತದ?” ಎಂದಿತು. ಹಿಂದಿನ ಬೆಂಚಿನಿಂದ ರಘುರಾಮಣ್ಣ ತಡೆಯಲಾರದೆ, “ಭಾರ ಇದ್ದದ್ದೇ ಬೇಗ ಹೋಗುದು, ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?” ಎಂದರು. ಪಲ್ಲವಿ ಮೌಸ್ ಎಳೆದಳು. ಹಗುರ ಗುಂಡೂ ಭಾರದ ಗುಂಡೂ ಹೆಜ್ಜೆ ತಪ್ಪದೆ ಒಟ್ಟಿಗೇ ತೂಗಿದವು. ನಾನು ಮೊದಲೇ ಬಲ್ಲವಳಂತೆ ಮುಗುಳ್ನಕ್ಕೆ.

“ಕಂಪ್ಯೂಟರಿಗೆ ಯಾರೋ ಹೇಳಿಕೊಟ್ಟದ್ದನ್ನು ಅದು ತೋರಿಸ್ತದೆ, ಅಷ್ಟೇ” ಎಂದರು ರಘುರಾಮಣ್ಣ. ಮಾತು ಸರಿಯೇ. ಇದಕ್ಕೆ ಏನು ಹೇಳಬೇಕೆಂದು ತರಬೇತಿಯಲ್ಲಿ ಹೇಳಿರಲಿಲ್ಲ. ಪಲ್ಲವಿ ಮಾತ್ರ ಕಂಪ್ಯೂಟರು ಬಿಟ್ಟು ಡಬ್ಬಿಗಳ ಕಡೆ ಓಡಿದಳು. ಒಂದೇ ಅಳತೆಯ ಎರಡು ಊಟದ ಡಬ್ಬಿ. ಒಂದರಲ್ಲಿ ಅಪ್ಪನ ಹೋಟೆಲಿನ ಇಡ್ಲಿ, ಇನ್ನೊಂದು ಖಾಲಿ. ನಾನೇ ದಾರ ಕಟ್ಟಿ ಕಿಟಕಿಯ ಸರಳಿಗೆ ಇಳಿಬಿಟ್ಟೆ. ತೂಗಿದರೆ ಇಡ್ಲಿಯ ಡಬ್ಬಿಯೇ ಮುಂದೆ. “ಹೇಳಲಿಲ್ವಾ ನಾನು?” ಎಂದರು ರಘುರಾಮಣ್ಣ. ಒಳಗೊಳಗೆ ನನಗೂ ಸಮಾಧಾನವೇ ಆಯಿತು. ಪಲ್ಲವಿ ಕಣ್ಣು ಕಿರಿದು ಮಾಡಿ ನೋಡಿದಳು. “ಟೀಚರ್, ನಿಮ್ದು ಧಾಗಾ ಇಲ್ಲಿ ಛೋಟಾ ಆಗಿದೆ.” ಇಡ್ಲಿಯ ಭಾರಕ್ಕೆ ಬಿಚ್ಚೀತೆಂದು ನಾನು ಆ ದಾರವನ್ನು ಸರಳಿಗೆ ಇನ್ನಷ್ಟು ಸುತ್ತಿ ಗಂಟು ಹಾಕಿದ್ದೆ. ಅವಳು ಬಿಚ್ಚಿ, ಎರಡನ್ನೂ ಸಮ ಮಾಡಿ ಬಿಟ್ಟಳು. ಖಾಲಿ ಡಬ್ಬಿ, ತುಂಬಿದ ಡಬ್ಬಿ, ಜೊತೆಯಾಗಿ ಹೋದವು, ಜೊತೆಯಾಗಿ ಬಂದವು. ರಘುರಾಮಣ್ಣ ಎದ್ದು ಬಂದರು. ಹೋಟೆಲಿನ ಬೀಗದ ಕೈ ಗೊಂಚಲನ್ನೇ ಇಡ್ಲಿಯ ಮೇಲಿಟ್ಟು ಮುಚ್ಚಳ ಒತ್ತಿ, “ಇನ್ನೊಮ್ಮೆ ಬಿಡು ಮಗಾ” ಎಂದರು. ಗಂಟೆ ಹೊಡೆದರೂ ಅಪ್ಪ ಮಗಳು ಕಿಟಕಿ ಬಿಡಲಿಲ್ಲ.

ಹೊರಡುವಾಗ ಅವರು ಕೈಮುಗಿದರು. “ಇಲ್ಲೇ ಇರಲಿ ಟೀಚರೇ. ಅಪ್ಪ ಹೇಳಿದ್ದನ್ನೂ ಕಟ್ಟಿ ತೂಗಿ ನೋಡ್ತಾಳಲ್ಲ, ನನಗೆ ಅದು ಸಾಕು. ಆದರೆ ನಿಮ್ಮನ್ನು ಮೆಚ್ಚಬೇಕು. ಉತ್ತರ ಗೊತ್ತಿದ್ದೂ ಅಷ್ಟು ಹೊತ್ತು ಬಾಯಿ ಬಿಡದೆ ಕೂತ್ರಲ್ಲ, ನನ್ನಿಂದಾದ್ರೆ ಆಗ್ತಿರಲಿಲ್ಲ.” ನಾನು ಆದಷ್ಟು ವಿನಯದಿಂದ ತಲೆ ತಗ್ಗಿಸಿದೆ.

ಅವರು ಗೇಟು ದಾಟುವುದನ್ನೇ ಕಾದಿದ್ದ ಪಲ್ಲವಿ, ಡಬ್ಬಿಯ ದಾರ ಬಿಚ್ಚುತ್ತ ಹತ್ತಿರ ಬಂದು ದನಿ ತಗ್ಗಿಸಿದಳು. “ಟೀಚರ್, ಸಚ್ ಹೇಳಿ. ನಿಮಗೂ ಗೊತ್ತಿರಲಿಲ್ಲ ಅಲ್ವಾ?”

ನಾನು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದೆ:

“ನಿನಗೇನ ಅನಸ್ತದ?”