ಮಾವನ ಕೋವಿಗೆ ತೋಟಾ

ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ವೆಂಡೆಲ್‌ಗೆ ಅಷ್ಟೇ ಸಾಕಾಗಿತ್ತು. ಕಿವಿಯನ್ನು ನಂಬಿ ಬದುಕಿದ ಮನುಷ್ಯ ಅವನು. ವಾರವೆಲ್ಲ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಭಾನುವಾರ ಇಗರ್ಜಿಯಲ್ಲಿ ಆರ್ಗನ್ ನುಡಿಸುವವನು. ಮಾರ್ಚಿನಲ್ಲಿ ತೀರಿಹೋದ ಮಾವ ಹಾರ್ವಿ ಜಾಸ್ಟ್ರೋನ ಕೋವಿಯ ಜೊತೆಗೆ ಬಂದ ತೋಟಾ ಪೆಟ್ಟಿಗೆ ಅದು. ಆಗೀಗ ಅದನ್ನು ಅಲ್ಲಾಡಿಸಿ, ತುಂಬಿದೆ ಎಂದು ಸಮಾಧಾನಪಟ್ಟುಕೊಂಡು ಮತ್ತೆ ಕಪಾಟಿನಲ್ಲಿ ಇಡುತ್ತಿದ್ದ. ನವೆಂಬರಿನ ಆ ಶುಕ್ರವಾರ ಬೆಳಿಗ್ಗೆ, ಜಿಂಕೆಬೇಟೆ ಶುರುವಾಗಲು ಒಂದೇ ದಿನ ಬಾಕಿ ಇರುವಾಗ, ಶಾಲೆಗೆ ರಜೆ ಹಾಕಿದವನು ಮೊದಲ ಸಲ ಮುಚ್ಚಳ ತೆಗೆದ. ಒಳಗೆ ಹೆಂಗಸರ ಕೋಟಿನ ಗುಂಡಿಗಳಿದ್ದವು.

ಅತ್ತೆ ಆರ್ಡಿಸ್‌ಗೆ ಫೋನ್ ಮಾಡಿದ.

“ಓ, ಅದಾ? ಹಾರ್ವಿ ಖಾಲಿ ಮಾಡಿದ್ ಪೆಟ್ಟಿಗೆ. ಗಟ್ಟಿಯಾಗಿತ್ತು, ಎಸೆಯೋಕೆ ಮನಸ್ಸು ಬರ್ಲಿಲ್ಲ,” ಎಂದಳು ಆರ್ಡಿಸ್. “ನನ್ನ ನೀಲಿ ಕೋಟಿನ ದೊಡ್ಡ ಗುಂಡಿ ಅದ್ರಲ್ಲಿದ್ಯಾ ನೋಡು ಮಗಾ.”

ಇತ್ತು. ತೋಟಾ ಮಾತ್ರ ಒಂದೂ ಇರಲಿಲ್ಲ.

ವೆಂಡೆಲ್ ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಮತ್ತೊಮ್ಮೆ ಹುಡುಕಿದ. ಜಾಸ್ಟ್ರೋ ಮನೆತನಕ್ಕೆ ಕಾಡಿನ ನಡುವೆ ಒಂದು ಬೇಟೆಮನೆ, ಅದರ ಸುತ್ತ ಮರಗಳ ಮೇಲೆ ಬೇಟೆಗೆ ಕಾದು ಕೂರುವ ಐದು ಅಟ್ಟಣೆ. ಹನ್ನೊಂದು ವರ್ಷದ ಹಿಂದೆ ಅಳಿಯನಾಗಿ ಬಂದ ವೆಂಡೆಲ್, ಹನ್ನೊಂದು ವರ್ಷವೂ ಅಲ್ಲಿ ಆಲೂಗಡ್ಡೆ ಸುಲಿದಿದ್ದ, ಬಾಣಲೆ ಉಜ್ಜಿದ್ದ, ಬೇರೆಯವರು ಹೊಡೆದ ಜಿಂಕೆಯನ್ನು ಹಿಮದಲ್ಲಿ ಎಳೆದು ತಂದಿದ್ದ. ಹಾರ್ವಿ ಸಾಯುವ ಮೊದಲು ಯಾರೂ ಎಣಿಸದ ಒಂದು ಮಾತನ್ನು ಬರೆದಿಟ್ಟು ಹೋಗಿದ್ದ: ನನ್ನ ಅಟ್ಟಣೆ ಅಳಿಯನಿಗೆ, ಆದರೆ ನನ್ನ ಕೋವಿ ಹಿಡಿದೇ ಏರಬೇಕು.

ಮೊದಲ ದಿನ ಬೆಳಕು ಹರಿಯುವಾಗ ಖಾಲಿ ಇದ್ದ ಅಟ್ಟಣೆ ಕೇಳಿದವರ ಪಾಲು. ಇದು ಬೇಟೆಮನೆಯ ಕಟ್ಟಳೆ. ಆರ್ಡಿಸಳ ಮಗ ಡುವೇನ್, ಅಪ್ಪನ ಮಣ್ಣಿನ ದಿನ ಬಡಿಸಿದ ಹ್ಯಾಮ್ ಸ್ಯಾಂಡ್‌ವಿಚ್ ಬಾಯಲ್ಲಿ ಇರುವಾಗಲೇ ಕೇಳಲು ಶುರುಮಾಡಿದ್ದ.

ನಿಜ ಹೇಳಬೇಕೆಂದರೆ ವೆಂಡೆಲ್‌ಗೆ ಜಿಂಕೆ ಬೇಕಿರಲಿಲ್ಲ. ಕತ್ತಲು ಕರಗುವ ಹೊತ್ತಿಗೆ ಆ ಅಟ್ಟಣೆಯಲ್ಲಿ ಕೂತರೆ ಕಾಡು ಒಂದೊಂದೇ ದನಿಯಾಗಿ ಏಳುವುದು ಕೇಳುತ್ತದೆ ಎಂದು ಹಾರ್ವಿ ಒಮ್ಮೆ ಹೇಳಿದ್ದ. ಅದನ್ನೊಮ್ಮೆ ಕೇಳಬೇಕು, ಬಂದು ಎಲ್ಲರ ಜೊತೆ ಮೇಜಿಗೆ ಕೂರಬೇಕು, ಯಾರಾದರೂ ತನಗೆ ಕಾಫಿ ಬಗ್ಗಿಸಬೇಕು. ಇಷ್ಟೇ ಅವನ ಆಸೆ.

ಕಾರಿನ ಬಾಗಿಲು ತೆಗೆದರೆ ಪಕ್ಕದ ಸೀಟಿನಲ್ಲಿ ನೆರೆಮನೆಯ ಎಲ್‌ರಾಯ್ ಆಗಲೇ ಕೂತಿದ್ದ. ಎಂಬತ್ತೊಂದು ವರ್ಷ, ಕಿತ್ತಳೆ ಕೋಟು, ಮಡಿಲಲ್ಲಿ ಕಾಫಿ ಫ್ಲಾಸ್ಕು.

“ಬೇಲಿ ಮೇಲಿಂದ ಎಲ್ಲಾ ಕೇಳಿಸ್ತು. ನೀನೊಬ್ನೇ ಹೋದ್ರೆ ಟಾರ್ಚಿನ ಸೆಲ್ಲು ತಗೊಂಡು ಬರ್ತೀಯ. ನಡಿ.”

ಹೆದ್ದಾರಿ ಬದಿಯ ದೊಡ್ಡ ಅಂಗಡಿಯಲ್ಲಿ ಹಾಲು, ಟೈರು, ಕೂಸಿನ ಚಡ್ಡಿ, ಗೋರಿಗೆ ಇಡುವ ಪ್ಲಾಸ್ಟಿಕ್ ಹೂವು, ತೋಟಾ ಎಲ್ಲವೂ ಒಂದೇ ಸೂರಿನಡಿ. ತೋಟಾ ಮಾತ್ರ ಗಾಜಿನ ಕಪಾಟಿನೊಳಗೆ, ಬೀಗದ ಹಿಂದೆ. ವೆಂಡೆಲ್ ಕಪಾಟಿನ ಪಕ್ಕದ ಕರೆಗಂಟೆಯ ಗುಂಡಿ ಒತ್ತಿದ. “ಬೇಟೆ ವಿಭಾಗದಲ್ಲಿ ಗಿರಾಕಿ ಕಾಯುತ್ತಿದ್ದಾರೆ,” ಎಂದು ಮಾಡಿನ ಸ್ಪೀಕರಿನೊಳಗಿಂದ ಹೆಣ್ಣುದನಿಯೊಂದು ಊರಿಗೆಲ್ಲ ಸಾರಿತು. ಕೀಲಿ ಬರಲಿಲ್ಲ. ಮತ್ತೆ ಒತ್ತಿದ. ದನಿ ಮತ್ತೆ ಸಾರಿತು. ಮೂರನೇ ಸಲ ಅದೇ ಮಾತು ಯಾಕೋ ಅವನ ಕಿವಿಯ ಪಕ್ಕದಲ್ಲೇ ಹೇಳಿದಂತಿತ್ತು. ಹಿಂದೆ ಸಾಲುಗಟ್ಟಿದ್ದ ಕಿತ್ತಳೆ ಕೋಟಿನವರೆಲ್ಲ ಬುದ್ಧಿ ಹೇಳತೊಡಗಿದರು.

“ಯಾವ ಕೋವಿ?”

“ಮುನ್ನೂರು ಸ್ಯಾವೇಜ್.”

“ಅಯ್ಯೋ, ಅದು ನಮ್ಮಜ್ಜನ ಕಾಲದ್ದಲ್ವಾ! ಮಾರ್ಬಿಡು.”

“ಮಾರ್ಬೇಡ, ಗೋಡೆಗೆ ತೂಗುಹಾಕು. ಟೋಪಿ ಸಿಗಿಸೋಕಾಗತ್ತೆ.”

ಕೊನೆಗೆ ಸೊಂಟದಲ್ಲಿ ಕೀಲಿಗೊಂಚಲು ಕಟ್ಟಿಕೊಂಡ ಮಾರ್ವಾ ಎಂಬ ದಪ್ಪ ಹೆಂಗಸು ಬಂದಳು. ವೆಂಡೆಲ್ ತೋಟಾದ ಅಳತೆ ಹೇಳಿದ ಕೂಡಲೇ ಕೀಲಿಯನ್ನು ಮತ್ತೆ ಸೊಂಟಕ್ಕೆ ಬಿಟ್ಟಳು.

“ಅದು ಹೋಯ್ತಲ್ಲೋ ಚಿನ್ನ. ಇದ್ದಿದ್ದೇ ಎರಡು ಪೆಟ್ಟಿಗೆ. ಒಬ್ರಿಗೆ ಎರಡೇ ಕೊಡೋದು, ಅವೆರಡನ್ನೂ ಅರ್ಧ ಗಂಟೆ ಹಿಂದೆ ಒಬ್ಬ ಮುದುಕ ತಗೊಂಡ. ಕಿವಿ ಮುಚ್ಚೋ ಕಿತ್ತಳೆ ಟೋಪಿ, ಎಡಗಿವಿ ಹತ್ರ ಕಪ್ಪು ದಾರದ ಹೊಲಿಗೆ. ಏನೋ ಗುನುಗ್ತಾ ಇದ್ದ.”

ಹಾರ್ವಿಯ ಟೋಪಿಯ ಎಡಗಿವಿಯನ್ನು ಆರ್ಡಿಸ್ ಕಪ್ಪು ದಾರದಲ್ಲಿ ಹೊಲಿದಿದ್ದಳು. ಆ ಟೋಪಿಯನ್ನು ಹಾರ್ವಿಯ ಜೊತೆ ಶವಪೆಟ್ಟಿಗೆಯಲ್ಲಿಟ್ಟು ಮುಚ್ಚಿದವರಲ್ಲಿ ವೆಂಡೆಲ್ ಕೂಡ ಒಬ್ಬ.

ಇಂಥ ಟೋಪಿ ಸಾವಿರ ಇರುತ್ತವೆ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಎಲ್‌ರಾಯ್ ಒಂದು ಪೊಟ್ಟಣ ಕಡಲೇಬೀಜ ತಂದು ಮಾರ್ವಾಳ ಮುಂದಿಟ್ಟ. ಸದಸ್ಯರ ಫೋನ್ ನಂಬರು ಹೇಳಿದರೆ ರಿಯಾಯಿತಿ. ಜಾಸ್ಟ್ರೋ ಮನೆಯವರೆಲ್ಲ ಹಾರ್ವಿಯ ನಂಬರನ್ನೇ ಹೇಳುವುದು ರೂಢಿ. ಎಲ್‌ರಾಯ್ ಕೂಡ ಸಂಕೋಚವಿಲ್ಲದೆ ಅದನ್ನೇ ಹೇಳಿದ. ಮಾರ್ವಾ ಪರದೆ ನೋಡಿದಳು.

“ಇವ್ರೇ ಅವ್ರು! ಒಂಬತ್ತೂ ಹತ್ತಕ್ಕೆ, ಎರಡು ಪೆಟ್ಟಿಗೆ, ಹಾರ್ವಿ ಜಾಸ್ಟ್ರೋ. ನಿಮ್ಮವ್ರಾ? ಮನೇಲೇ ಕೇಳಿ ಇಸ್ಕೊಳ್ಳೋದಲ್ವಾ?”

ವೆಂಡೆಲ್ ಕಾರಿಗೆ ಬಂದು ಬಾಗಿಲು ಹಾಕಿಕೊಂಡ.

“ಯಾವನೋ ಕಳ್ಳ. ಹಾರ್ವಿ ನಂಬರು ಕದ್ದಿದಾನೆ,” ಎಂದ.

“ನಂಬರು ಕದೀತಾನೆ ಅನ್ನು. ಹಾರ್ವಿ ಟೋಪಿ ಕದ್ದು ಏನ್ ಮಾಡ್ತಾನೆ? ಅದರ ವಾಸ್ನೆಗೆ ನಾಯಿನೂ ಹತ್ರ ಬರ್ತಿರ್ಲಿಲ್ಲ,” ಎಂದು ಎಲ್‌ರಾಯ್ ಕಡಲೇಬೀಜ ಬಾಯಿಗೆ ಹಾಕಿಕೊಂಡ.

ಎರಡನೆಯದು ರೈತರ ಸಾಮಾನಿನ ಅಂಗಡಿ, ಇಪ್ಪತ್ತು ಮೈಲಿ ಆಚೆ. ಗೊಬ್ಬರದ ಮೂಟೆಗಳ ಸಾಲು ದಾಟಿ, ಬೂಟುಗಳ ಸಾಲು ದಾಟಿ, ಹಿಂಬದಿಯ ಕಟ್ಟೆಗೆ ಬಂದರೆ ಅಲ್ಲೊಬ್ಬ ಕೆಂಪುಗಡ್ಡದವನು ಖಾಲಿ ಕಪಾಟಿನ ಗಾಜು ಒರೆಸುತ್ತಿದ್ದ.

“ಮುನ್ನೂರು ಸ್ಯಾವೇಜಾ? ಎರಡು ವರ್ಷದಿಂದ ಧೂಳು ತಿಂತಾ ಬಿದ್ದಿತ್ತು ಸರ್. ಈಗಷ್ಟೇ ಒಬ್ಬ ಅಜ್ಜ ಒಯ್ದ. ಇದ್ದ ಎರಡೂ ಪೆಟ್ಟಿಗೆ.”

“ಗುರುತಿನ ಚೀಟಿ ನೋಡಿದ್ರಾ?” ವೆಂಡೆಲ್‌ನ ದನಿ ಕೀರಲಾಗಿತ್ತು.

“ನೋಡ್ದೇ ಇರ್ತೀವಾ? ಡ್ರೈವಿಂಗ್ ಲೈಸೆನ್ಸ್ ಕೊಟ್ಟ. ‘ಅಜ್ಜಾ, ಇದರ ಅವಧಿ ಮುಗಿದಿದ್ಯಲ್ಲ’ ಅಂದೆ. ‘ನಂದೂ ಮುಗಿದಿದೆ ಮಾರಾಯ, ಸುಮ್ನೆ ಕೊಡು’ ಅಂದ. ನಗು ಬಂತು, ಕೊಟ್ಟೆ.” ಕೆಂಪುಗಡ್ಡದವನು ಒರೆಸುವುದನ್ನು ನಿಲ್ಲಿಸಿದ. “ಕೈ ಮಾತ್ರ ಐಸ್ ಇದ್ದಂಗಿತ್ತು ಸರ್. ಲೈಸೆನ್ಸ್ ವಾಪಸ್ ಕೊಟ್ಟ ಮೇಲೆ ನನ್ನ ಬೆರಳು ಬಿಸಿಯಾಗ್ತಾನೇ ಇಲ್ಲ.”

ಎಲ್‌ರಾಯ್ ತಲೆದೂಗಿದ. “ಹಾರ್ವಿ ಯಾವತ್ತೂ ಕೈಗವಸು ಹಾಕ್ಕೊಂಡವ್ನಲ್ಲ.”

“ಎಲ್‌ರಾಯ್! ಹಾರ್ವಿ ಸತ್ತಿದಾನೆ! ಹೆಗಲು ಕೊಟ್ಟೋನು ನೀನೇ ಅಲ್ವಾ?”

“ಕೊಟ್ಟೆನಪ್ಪ, ಇಲ್ಲ ಅಂದ್ನಾ? ಕೊಟ್ಟ ಹೆಗಲು ಇನ್ನೂ ನೋಯತ್ತೆ.”

ಇನ್ನು ಉಳಿದದ್ದು ಒಂದೇ ಕಡೆ. ಐವತ್ತು ಮೈಲಿ ದೂರದ ಪಟ್ಟಣದ, ಬೇಟೆಯ ಸಾಮಾನನ್ನೇ ಮಾರುವ ಮಹಾ ಅಂಗಡಿ. ಹಿಮ ಉದುರತೊಡಗಿತ್ತು. ದಾರಿಯುದ್ದಕ್ಕೂ ಎಲ್‌ರಾಯ್ ಮಾತಾಡುತ್ತ ಹೋದ, ವೆಂಡೆಲ್ ಮನಸ್ಸಿನಲ್ಲೇ ಕೀರ್ತನೆಗಳನ್ನು ಒಂದರ ಮೇಲೊಂದು ಹೇಳಿಕೊಳ್ಳುತ್ತ ಹೋದ.

ಆ ಅಂಗಡಿಯ ನಡುವೆ ಸಿಮೆಂಟಿನದೊಂದು ಬೆಟ್ಟ. ಬೆಟ್ಟದ ತುಂಬ ಹೊಟ್ಟು ತುಂಬಿ ನಿಲ್ಲಿಸಿದ ಕರಡಿ, ತೋಳ, ಜಿಂಕೆ. ಬದುಕಿದ್ದಾಗ ಯಾವ ಮೃಗವೂ ಅಷ್ಟು ನೇರವಾಗಿ ಮನುಷ್ಯನನ್ನು ನೋಡುವುದಿಲ್ಲ. ನೂರಾರು ಜನರ ಗದ್ದಲದಲ್ಲಿ ವೆಂಡೆಲ್ ಆ ಗಾಜಿನ ಕಣ್ಣುಗಳ ಕೆಳಗೆ ತಲೆ ತಗ್ಗಿಸಿ ನಡೆದ. ತೋಟಾ ಮಾರುವ ಕಟ್ಟೆ ಬೆಟ್ಟದ ಆಚೆಗಿತ್ತು.

ಅಲ್ಲಿ ಆ ಗುನುಗು ಕೇಳಿಸಿತು.

ಸಂಜೆ ಪ್ರಾರ್ಥನೆಯ ಹಳೆಯ ಹಾಡು. ಇಗರ್ಜಿಯ ಎಡಗಡೆಯ ನಾಲ್ಕನೇ ಬೆಂಚಿನಿಂದ ಹನ್ನೊಂದು ವರ್ಷ ಕೇಳಿದ ದನಿ. ಮೊದಲ ಸಾಲು ಸರಿ, ಎರಡನೆಯದು ಸರಿ, ಮೂರನೆಯದರಲ್ಲಿ ಏರಬೇಕಾದ ಕಡೆ ಜಾರಿ ಅರ್ಧ ಸ್ವರ ಕೆಳಗೆ ಬೀಳುವುದು. ಹಾಗೆ ತಪ್ಪುವವನು ಲೋಕದಲ್ಲಿ ಒಬ್ಬನೇ. ಪ್ರತಿ ಭಾನುವಾರ ಆ ಸಾಲು ಬಂದಾಗ ವೆಂಡೆಲ್ ಹಲ್ಲು ಕಚ್ಚಿಕೊಳ್ಳುತ್ತಿದ್ದ. ಈಗ ಹಲ್ಲು ಕಚ್ಚಲು ಹೋದರೆ ಅವು ತಾವಾಗಿಯೇ ಕಟಕಟ ಎನ್ನುತ್ತಿದ್ದವು.

ಕರಡಿಯ ಕಾಲುಗಳ ಸಂದಿಯಿಂದ ನೋಡಿದ. ಕಿತ್ತಳೆ ಟೋಪಿ. ಬಾಗಿದ ಬೆನ್ನು. ಎರಡು ಪೆಟ್ಟಿಗೆಗಳನ್ನು ಎರಡು ಕಿಸೆಗೆ ಇಳಿಸಿ, ತಟ್ಟಿ, ಬಾಗಿಲ ಕಡೆ ಹೊರಟಿತು ಆಕಾರ. ವೆಂಡೆಲ್ ಓಡಿದ. ತಳ್ಳುಗಾಡಿಗೆ ಎಡವಿ, ಬಾತುಕೋಳಿಯ ಬೊಂಬೆಗಳ ರಾಶಿ ಕೆಡವಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಹೊರಗೆ ಬಂದ. ಎಲ್‌ರಾಯ್ ಅಲ್ಲೇ ನಿಂತು ಕೈ ಬೀಸುತ್ತಿದ್ದ.

“ನೋಡ್ದೆ ತಾನೇ? ನೋಡಿದ್ರೂ ನೋಡ್ದಂಗೆ ಹೋದ. ಸತ್ ಮೇಲೆ ಜಂಬ ಬಂದಿದೆ ನನ್ಮಗಂಗೆ.”

ಸಾಲುಗಟ್ಟಿದ್ದ ಕಾರುಗಳ ನಡುವೆ ಕಿತ್ತಳೆ ಚುಕ್ಕೆಯೊಂದು ಬಿಳಿಯೊಳಗೆ ಕರಗಿತು. ಅದು ನಡೆದುಹೋದ ದಾರಿಯಲ್ಲಿ ಹಿಮ ಹಾಸಿದ ಹಾಗೇ ಇತ್ತು. ಒಂದೂ ಹೆಜ್ಜೆ ಮೂಡಿರಲಿಲ್ಲ.

ಕಟ್ಟೆಯಲ್ಲಿ ಕೇಳಿದರೆ ಬಂದದ್ದು ಎಣಿಸಿದ ಉತ್ತರವೇ: ಇದ್ದದ್ದು ಎರಡು, ಈಗ ಹೋಯಿತು.

ವಾಪಸು ಬರುವಾಗ ವೆಂಡೆಲ್‌ನ ಭಯ ಮೆಲ್ಲಗೆ ಲೆಕ್ಕಾಚಾರಕ್ಕೆ ತಿರುಗಿತು. ತಪ್ಪು ತನ್ನದಲ್ಲ. ಹಾರ್ವಿಯೇ ಬಂದು ಕೊಂಡುಹೋದರೆ ಯಾವ ಅಳಿಯ ಏನು ಮಾಡಲಾದೀತು? ಎಲ್‌ರಾಯ್ ಸಾಕ್ಷಿ ಇದ್ದಾನೆ. ನಡೆದದ್ದನ್ನು ಇದ್ದ ಹಾಗೆ ಹೇಳಿದರೆ ಆರ್ಡಿಸ್ ಕರಗಿ, ಈ ವರ್ಷಕ್ಕೆ ಬೇರೆ ಕೋವಿ ಹಿಡಿದು ಏರು ಎಂದಾಳು. ಸತ್ಯ ಹೇಳಿದವನಿಗೆ ದೇವರು ದಾರಿ ತೋರಿಸುತ್ತಾನೆ.

ನಾಲ್ಕೂವರೆಗೆ ಬೇಟೆಮನೆ ಮುಟ್ಟುವಾಗ ಬೆಳಕು ಬೂದಿಯಾಗಿತ್ತು. ಆರ್ಡಿಸ್ ಮೇಜಿನ ತುದಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಡುವೇನ್ ಮತ್ತು ಅವನ ಇಬ್ಬರು ಗಂಡುಮಕ್ಕಳು ಕೋವಿಗೆ ಎಣ್ಣೆ ಹಾಕುತ್ತಿದ್ದರು. ವೆಂಡೆಲ್‌ನ ಕೈಯಲ್ಲಿ ಕೋವಿ ಮಾತ್ರ ಇದ್ದು ತೋಟಾ ಇಲ್ಲದ್ದು ನೋಡಿ ಡುವೇನ್‌ನ ಮುಖ ಹಬ್ಬದ ದೀಪವಾಯಿತು.

“ತೋಟಾ ಇಲ್ಲ ಅಂದ್ರೆ ಅಪ್ಪನ ಕೋವಿ ಇಲ್ಲ. ಅಪ್ಪನ ಕೋವಿ ಇಲ್ಲ ಅಂದ್ರೆ ಅಟ್ಟಣೆ ಖಾಲಿ. ನಾನು ಕೇಳ್ತಿದೀನಿ ಅಮ್ಮಾ. ಎಲ್ರೂ ಕೇಳಿಸ್ಕೊಳ್ಳಿ.”

“ಮೊದ್ಲು ನನ್ನ ಮಾತು ಕೇಳಿ ಅಮ್ಮಾ,” ಎಂದ ವೆಂಡೆಲ್. ನಿಂತಲ್ಲೇ ಎಲ್ಲ ಹೇಳಿದ. ಮಾರ್ವಾಳ ಪರದೆ, ತಣ್ಣನೆಯ ಕೈ, ಮೂರನೇ ಸಾಲಿನ ಅರ್ಧ ಸ್ವರ, ಹೆಜ್ಜೆಯಿಲ್ಲದ ಹಿಮ. ಹೇಳುತ್ತ ಹೇಳುತ್ತ ಅವನಿಗೇ ಮೈ ಜುಮ್ಮೆಂದಿತು. ಒಲೆಯಲ್ಲಿ ಸೌದೆ ಚಟ್ ಎಂದದ್ದಕ್ಕೆ ಡುವೇನ್‌ನ ಮಕ್ಕಳು ಬೆಚ್ಚಿಬಿದ್ದರು.

ಆರ್ಡಿಸಳ ಸೂಜಿ ನಿಂತಿತು.

“ಕುಂಟ್ತಾ ಇದ್ನಾ?”

“ಎಲ್ಲಿ ಕುಂಟ್ತಾನೆ? ಹುಡುಗನ ಹಂಗೆ ನಡ್ಕೊಂಡು ಹೋದ,” ಎಂದ ಎಲ್‌ರಾಯ್.

“ಸದ್ಯ. ಆ ಮಂಡಿ ನೋವು ಹೋಯ್ತು.” ಅವಳು ಕಣ್ಣು ಒರೆಸಿಕೊಂಡು ಮತ್ತೆ ಹೆಣಿಗೆ ಹಿಡಿದಳು. “ಒಟ್ಟು ಎಷ್ಟು ಪೆಟ್ಟಿಗೆ ತಗೊಂಡ ಅಂದೆ?”

“ಆರು ಅಮ್ಮಾ. ಅದಕ್ಕೇ ಕೇಳ್ತಿದೀನಿ, ಈ ಒಂದು ವರ್ಷ ಬೇರೆ ಕೋವಿ...”

“ಬೇರೆ ಕೋವಿ ಯಾಕೆ?” ಆರ್ಡಿಸ್ ತಲೆ ಎತ್ತಿದಳು. “ಆರು ಪೆಟ್ಟಿಗೆ ತೋಟಾ ಕೊಂಡವ್ನು ಅದನ್ನ ಕಿಸೇಲಿಟ್ಕೊಂಡು ಸುತ್ತೋಕೆ ಕೊಂಡಿರ್ತಾನಾ? ನಾಳೆ ಬರ್ತಾನೆ. ಅವನ ಅಟ್ಟಣೆ ಖಾಲಿ ಇಲ್ಲ. ಡುವೇನ್, ನೀನು ಕೇಳಿದ್ದೂ ಸಾಕು. ವೆಂಡೆಲ್, ಅವನ ಕೋವಿ ತಂದಿದೀಯಲ್ಲ, ಗೂಟಕ್ಕೆ ತೂಗುಹಾಕು.”

“ಆದ್ರೆ ಅಮ್ಮಾ, ಸತ್ತವ್ರು...”

“ಸತ್ತೋರು ಬರಬಾರ್ದು ಅಂತ ಬೇಟೆಮನೆ ಕಟ್ಟಳೇಲಿ ಎಲ್ಲಿದ್ಯಪ್ಪ?” ಎಂದ ಎಲ್‌ರಾಯ್, ಬಹಳ ಯೋಚಿಸಿದವನಂತೆ. ಡುವೇನ್ ಮತ್ತೆ ಎಣ್ಣೆಬಟ್ಟೆ ಕೈಗೆತ್ತಿಕೊಂಡ. ಅಂಥ ಕಟ್ಟಳೆ ಎಲ್ಲೂ ಇರಲಿಲ್ಲ.

ವೆಂಡೆಲ್ ಕೋವಿಯನ್ನು ಗೂಟಕ್ಕೆ ತೂಗುಹಾಕಿದ. ನಡೆದದ್ದನ್ನು ಹೇಳದೆ ಇದ್ದಿದ್ದರೆ ಡುವೇನ್‌ನ ಜೊತೆ ಜಗಳವನ್ನಾದರೂ ಆಡಬಹುದಿತ್ತು. ಸತ್ತವನ ಜೊತೆ ಯಾರು ಆಡುತ್ತಾರೆ? ಬಾಗಿಲ ಪಕ್ಕದ ಮೂಲೆಯಲ್ಲಿ ಆಲೂಗಡ್ಡೆಯ ಬುಟ್ಟಿ ಇತ್ತು. ಅದರ ಮುಂದೆ ಅವನ ಹಳೆಯ ಮೂರು ಕಾಲಿನ ಪೀಠವಿತ್ತು. ಕೂತ. ಚಾಕು ಎತ್ತಿಕೊಂಡ.

“ಬೆಳಿಗ್ಗೆ ಏಳು ಜನಕ್ಕೆ ಮೊಟ್ಟೆ ಒಡಿ ಮಗಾ,” ಎಂದಳು ಆರ್ಡಿಸ್. “ಹಾರ್ವಿಗೆ ಎರಡೂ ಕಡೆ ಬೇಯ್ಬೇಕು. ಮತ್ತೆ ಎಂಟಕ್ಕೆಲ್ಲ ಹಗ್ಗ ತಗೊಂಡು ಅವನ ಅಟ್ಟಣೆ ಕೆಳಗೆ ಹೋಗಿ ನಿಂತಿರು. ಹೊಡೆದದ್ದನ್ನ ಎಳ್ಕೊಂಡು ಬರೋ ಅಭ್ಯಾಸ ಅವನಿಗಿಲ್ಲ.”

ಹೊರಗೆ ಹೊಸ್ತಿಲ ಹಲಗೆಯ ಮೇಲೆ ಯಾರೋ ಬೂಟಿನ ಹಿಮ ಕೊಡವುವ ಸದ್ದಾಯಿತು. ಒಂದು ಕಾಲು. ಇನ್ನೊಂದು ಕಾಲು.

ವೆಂಡೆಲ್ ತನ್ನನ್ನೂ ಸೇರಿಸಿ ಒಳಗಿದ್ದವರನ್ನು ಎಣಿಸಿದ. ಆರೂ ಜನ ಒಳಗೇ ಇದ್ದರು.

ಆರ್ಡಿಸ್ ಹೆಣಿಗೆಯಿಂದ ಕಣ್ಣು ತೆಗೆಯಲಿಲ್ಲ.

“ವೆಂಡೆಲ್, ಬಾಗಿಲ ಹತ್ರ ನೀನೇ ಕೂತಿದೀಯ,” ಎಂದಳು. “ತೆಗಿ. ಚಳೀಲಿ ಎಷ್ಟು ಹೊತ್ತು ನಿಲ್ಲಿಸ್ತೀಯ?”