ಸಂಜೆ ಆರಕ್ಕೆ ಲೋಡ್ ತೆಗೀರಿ

ಸ್ವಇಚ್ಛೆಯಿಂದ ನಾನು ಮಾಡಿದ ಕೆಲಸಗಳು ಬಹಳ ಕಡಿಮೆ. ಮದುವೆ ಅಪ್ಪ ಮಾಡಿಸಿದ್ದು, ನೌಕರಿ ಮಾವ ಹುಡುಕಿದ್ದು, ಮೀಸೆ ಕೂಡ ಹೆಂಡತಿ ಒಪ್ಪಿದ ಅಳತೆಯದು. ಆದ್ದರಿಂದಲೇ ಸಿಂದಗಿಯ ಸಭೆಯಲ್ಲಿ ಕರೆಂಟಿನ ಎಂಜಿನಿಯರರು, “ಸಂಜಿ ಆರರಿಂದ ಎಂಟರ ತನಕ ಯಾರ್ ತಮ್ಮ ಖುಷೀಲೆ ಲೋಡ್ ಕಡಿಮಿ ಮಾಡ್ತೀರಿ? ಜಬರದಸ್ತಿ ಏನಿಲ್ಲ” ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು.

ಬಾಗೇವಾಡಿ ಕಡೆಯ ನಮ್ಮೂರಿನಲ್ಲಿ ಹೊಲಸು ನೀರು ಶುದ್ಧ ಮಾಡುವ ಘಟಕಕ್ಕೆ ನಾನು ಮೇಲ್ವಿಚಾರಕ. ಅಲ್ಲಿಯ ಹೊಂಡಕ್ಕೆ ಗಾಳಿ ಊದುವ ಮೂರು ಮೋಟಾರುಗಳೂ ಊರಿಗೆ ಕುಡಿಯುವ ನೀರೆತ್ತುವ ಪಂಪೂ ಒಂದೇ ಲೈನಿನವು. ಸಂಜೆ ಊರೆಲ್ಲ ದೀಪ ಹಚ್ಚಿದೊಡನೆ ಕರೆಂಟು ಸೊರಗಿ, ಪಂಪು ಗುರ್ ಎನ್ನುತ್ತಿತ್ತೇ ಹೊರತು ಮೇಲಿನ ಓಣಿಗೆ ನೀರು ಹತ್ತುತ್ತಿರಲಿಲ್ಲ. ನನ್ನ ಮನೆ ಆ ಓಣಿಯಲ್ಲೇ ಇದೆ. ಸೊಂಟನೋವಿನ ಹೆಂಡತಿ ಗಿರಿಜೆ ಕೆಳಗಿನ ಬಾವಿಯಿಂದ ಕೊಡ ಹೊತ್ತು ತರುವುದನ್ನು ನೋಡಿದರೆ ನನಗೆ ಕರುಳು ಚುರ್ ಎನ್ನುತ್ತಿತ್ತು. ಎರಡು ಮೋಟಾರು ನಿಲ್ಲಿಸಿ ಲೋಡ್ ಇಳಿಸಿದರೆ ಪಂಪು ತಿರುಗೀತು; ಹೊಲಸು ನೀರು ಎರಡು ತಾಸು ಒಂದೇ ಮೋಟಾರಿನ ಗಾಳಿಯಲ್ಲಿ ಹೇಗೋ ತಡೆದೀತು. “ಈ ವಾರದಾಗ ನಳಕ್ಕ ನೀರ್ ತರಲಿಲ್ಲಂದ್ರ ನನ್ನ ಹೆಸರ ಬದಲಿ ಮಾಡು” ಎಂದು ಅವಳಿಗೆ ಮಾತು ಕೊಟ್ಟುಬಿಟ್ಟೆ.

ಐದಕ್ಕೇ ಮನೆ ಸೇರುವ ಸಾಹೇಬ ನಾನು. ಆರರ ಕೆಲಸ ಆಪರೇಟರ್ ದಸ್ತಗೀರಸಾಬರದು. ದೇವಣಗಾಂವದ ಹಿರಿಯರು, ಹೇಳಿದ್ದನ್ನು ಎದುರಾಡದೆ ಮಾಡುವವರು. ಸಿಂದಗಿಯಿಂದಲೇ ಫೋನು ಮಾಡಿದ್ದೆ: “ದಿನಾ ಆರಕ್ಕ ಲೋಡ್ ತೆಗೀರಿ, ಎಂಟಕ್ಕ ಮತ್ತ ಹಾಕ್ರಿ. ಸರಕಾರದ ಹುಕುಂ ಐತಿ.”

“ಆತ್ರಿ ಸಾಹೇಬ್ರ.”

ಒಂದು ದಿನ ಆಯಿತು, ಎರಡು ದಿನ ಆಯಿತು. ನಳ ಮಾತ್ರ ಬಾಯಿ ಬಿಡಲಿಲ್ಲ. ಫೋನು ಮಾಡಿದರೆ, “ಬರೋಬ್ಬರಿ ಆರಕ್ಕ ತೆಗದೇನ್ರಿ” ಎಂಬ ಉತ್ತರ. ಗಿರಿಜೆ ಖಾಲಿ ಕೊಡ ತಂದು ನನ್ನ ಮುಂದಿಟ್ಟು, “ಹೊಸಾ ಹೆಸರ ಏನ್ ಇಡೂಣ್ರಿ?” ಎಂದಳು. ಮೂರನೆಯ ಸಂಜೆ ಹಟ ಹಿಡಿದು ಘಟಕದಲ್ಲೇ ಕುಳಿತೆ.

ಕುಳಿತೆ ಎಂದರೆ ಒರಗಿದೆ. ಅಲ್ಲಿ ಕುರ್ಚಿ ಮುರಿದ ಮೇಲೆ ಮನೆಯಿಂದ ಗಾದಿ, ಒರಗುದಿಂಬು ತಂದು ಹಾಕಿಕೊಂಡಿದ್ದೆ. ಆರಕ್ಕೆ ಕಣ್ಣು ಎಳೆಯುತ್ತಿದ್ದಾಗ ದಸ್ತಗೀರಸಾಬರು ಬಂದು, “ತುಸು ಮುಂದ ಸರೀರಿ ಸಾಹೇಬ್ರ, ಲೋಡ್ ತೆಗೀಬೇಕು” ಎಂದು ದಿಂಬನ್ನು ಸರಕ್ಕನೆ ಎಳೆದರು. ನಾನು ಅಂಗಾತ ಬಿದ್ದೆ. ಅವರು ದಿಂಬನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಅಯ್ಯೋ ಶಿವನೇ! ನಮ್ಮ ಕಡೆ ಒರಗುದಿಂಬಿಗೆ ಲೋಡು ಎಂದೇ ಹೆಸರು.

“ಅಲ್ರೀ ದಸ್ತಗೀರಸಾಬ್ರ, ದಿಂಬಿಗೂ ಕರೆಂಟಿಗೂ ಏನ್ರಿ ಸಂಬಂಧ?”

“ನನಗೂ ಡೌಟ್ ಬಂತ್ರಿ. ಆದ್ರ ಲೋಡ್ ಇದ್ರ ಯಾರರೆ ಮಲಗತಾರ, ಮಲಗಿದ್ರ ಫ್ಯಾನ್ ಹಚ್ಚತಾರ. ಸರಕಾರಕ್ಕ ಎಲ್ಲಾ ಗೊತ್ತೈತಿ ಅನ್ಕೊಂಡ್ನಿ.”

ಎದ್ದು ಹೋಗಿ ಎರಡು ಮೋಟಾರು ನಾನೇ ಬಂದ್ ಮಾಡಿದೆ. ಪಕ್ಕದ ಪಂಪು ಗುರುಗುಟ್ಟುವುದನ್ನು ಬಿಟ್ಟು ತಿರುಗತೊಡಗಿತು. ಎಂಟಕ್ಕೆ ಅವನ್ನು ಮತ್ತೆ ಹಚ್ಚಿ ಮನೆಗೆ ಬಂದರೆ ನಳದಲ್ಲಿ ಬೆರಳು ದಪ್ಪದ ನೀರು! ಕೊಡದ ಮುಂದೆ ಕುಳಿತಿದ್ದ ಗಿರಿಜೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

“ದಸ್ತಗೀರಣ್ಣಂದು ಏನೂ ತಪ್ಪಿಲ್ಲ ಬಿಡ್ರಿ. ಲೋಡ್ ತೆಗದ ಮ್ಯಾಲ ನೀವು ಎದ್ರಿ, ನೀವು ಎದ್ದ ಮ್ಯಾಲ ನೀರ್ ಬಂತು.”

ಈಗ ದಿನಾ ಆರಕ್ಕೆ ಎರಡು ಮೋಟಾರೂ ನಿಲ್ಲುತ್ತವೆ, ದಿಂಬಂತೂ ಕಪಾಟು ಬಿಟ್ಟು ಹೊರಗೆ ಬಂದಿಲ್ಲ. ಕಪಾಟಿನ ಕೀಲಿಕೈ ಗಿರಿಜೆಯ ಹತ್ತಿರ ಇದೆ. ಅದನ್ನೂ ಸ್ವಇಚ್ಛೆಯಿಂದಲೇ ಕೊಟ್ಟೆನೆಂದು ಕಾಗದದಲ್ಲಿ ಬರೆದು ಸಹಿ ಮಾಡಿದ್ದೇನೆ. ಬರೆಯಬೇಕೆಂದು ಹೇಳಿದವಳು ಅವಳೇ.