ದಿನಕ್ಕೊಂದು ಬೆರಳಿನಷ್ಟು

ಮಗಳ ಪಠ್ಯಪುಸ್ತಕವನ್ನು ಅಪ್ಪ ಓದಬಾರದು ಎಂದು ಯಾವ ಕಾನೂನೂ ಇಲ್ಲ. ಇದ್ದಿದ್ದರೆ ಈ ಕಥೆಯ ಯಜಮಾನರ ಮಾನ ಉಳಿಯುತ್ತಿತ್ತು.

ಯಜಮಾನರು ಬಣ್ಣದಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಣ್ಣ ಬೆರೆಸುವವರು. ಗಿರಾಕಿ ಗೋಡೆಯಿಂದ ಕೆರೆದು ತಂದ ಒಂದು ಚಕ್ಕೆ ತೋರಿಸಿದರೆ ಸಾಕು, ಅದೇ ಬಣ್ಣವನ್ನು ಡಬ್ಬದಲ್ಲಿ ಕಲಸಿ ಕೊಡುತ್ತಾರೆ. ಬಿಳಿಯಲ್ಲೇ ಮೂವತ್ತೊಂದು ಬಗೆಯಿದೆ, ಮೂವತ್ತೊಂದನ್ನೂ ನಾನು ಬರಿಗಣ್ಣಲ್ಲಿ ಗುರುತಿಸಬಲ್ಲೆ ಎಂದು ಅವರು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. (ಮೂಗಿನ ಮುಂದಿನ ಉಪ್ಪಿನ ಡಬ್ಬ ಮಾತ್ರ ಆ ಕಣ್ಣಿಗೆ ಇವತ್ತಿನವರೆಗೂ ಕಂಡಿಲ್ಲ ಎಂಬುದು ಮನೆಯಾಕೆಯ ದೂರು.)

ಮನೆಯಲ್ಲಿ ಒಂದೇ ಒಂದು ವಿಷಯಕ್ಕೆ ಹದಿನೆಂಟು ವರ್ಷದಿಂದ ಯುದ್ಧ ನಡೆಯುತ್ತಿತ್ತು. ಹಾಲಿಗೆ ಇರುವುದು ಒಂದೇ ಕಿಟಕಿ. ಅದರ ಮುಂದೆ ಮನೆಯಾಕೆಯ ತವರಿನಿಂದ ಬಂದ ಮರದ ಬೀರು ಬಂಡೆಯ ಹಾಗೆ ನಿಂತಿತ್ತು. ಬೀರುವಿನ ಎದುರಿಗೆ ಯಜಮಾನರ ಕುರ್ಚಿ. ಎಡಗಡೆಯ ಮೂಲೆಯಲ್ಲಿ ಮನೆಯಾಕೆಯ ಹೊಲಿಗೆ ಮಿಷನ್. ಅವರು ಬೀದಿಯವರಿಗೆಲ್ಲ ಬಟ್ಟೆ ಹೊಲಿದು ಕೊಡುವವರು, ಹಗಲಲ್ಲೂ ದೀಪ ಹಾಕಿಕೊಂಡು ಸೂಜಿಗೆ ದಾರ ಪೋಣಿಸುವವರು. ಬೀರು ಸರಿಸೋಣ ಎಂದು ಯಜಮಾನರು ಹೇಳಿದಾಗಲೆಲ್ಲ ಅವರದು ಒಂದೇ ಉತ್ತರ.

"ಸರಿಸಿದ್ರೆ ಬೆಳಕು ಬೀಳೋದು ನಿಮ್ಮ ಪೇಪರ್ ಮೇಲೆ, ನನ್ನ ಮಿಷನ್ ಮೇಲಲ್ಲ. ಆ ಜಾಗ ನನಗೆ ಬಿಟ್ಟುಕೊಡಿ, ನಾಳೆನೇ ಸರಿಸೋಣ."

ಜಾಗ ಬಿಟ್ಟುಕೊಡುವ ಮಾತೇ ಇರಲಿಲ್ಲ. ಕುರ್ಚಿಗೆ ಸೇವಾ ಹಿರಿತನವಿತ್ತು. ಹೀಗಾಗಿ ಇಬ್ಬರಿಗೂ ಬೆಳಕಿಲ್ಲದೆ ಸಂಸಾರ ಸಾಗುತ್ತಿತ್ತು.

ಅಷ್ಟರಲ್ಲಿ ಮಗಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಳು. ಒಂದು ರಾತ್ರಿ ಯಜಮಾನರು ಅವಳ ಪುಸ್ತಕ ತಿರುವಿದರು. ಮಿದುಳಿನ ಚಿತ್ರ ನೋಡಿ ಹೂಕೋಸು ಜ್ಞಾಪಿಸಿಕೊಂಡರು, ನರಗಳ ಪಾಠ ಹಾರಿಸಿದರು, ಇಂದ್ರಿಯಗಳ ಪಾಠಕ್ಕೆ ಬಂದು ನಿಂತುಬಿಟ್ಟರು. ಬದಲಾವಣೆ ತೀರಾ ಚಿಕ್ಕದಾಗಿದ್ದರೆ ಅದು ಮನುಷ್ಯನ ಗಮನಕ್ಕೆ ಬರುವುದೇ ಇಲ್ಲ ಎಂದು ಅಲ್ಲಿ ಅಚ್ಚಾಗಿತ್ತು. ಯಜಮಾನರು ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಎರಡು ಗೆರೆ ಎಳೆದರು.

ಮರುದಿನ ಬೆಳಿಗ್ಗೆ ಮನೆಯಾಕೆ ಸ್ನಾನಕ್ಕೆ ಹೋದ ಕೂಡಲೇ ಮಹಾ ಕಾರ್ಯಾಚರಣೆ ಶುರುವಾಯಿತು. ಬೀರುವಿನ ಕಾಲುಗಳ ಕೆಳಗೆ ಸೋಪಿನ ಚೂರು ತೂರಿಸಿ, ಬೆನ್ನು ಕೊಟ್ಟು, ಬಲಕ್ಕೆ ಒಂದು ಬೆರಳಿನಷ್ಟು ತಳ್ಳಿದರು. ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಸಣ್ಣ ಗುರುತು. ಕಿಟಕಿ ಮುಚ್ಚಿಯೇ ಇರಲಿ, ಪರದೆಯೂ ಇಳಿದೇ ಇರಲಿ, ಬೆಳಕು ಚಾಡಿ ಹೇಳಬಾರದು. ನಲವತ್ತು ದಿನಕ್ಕೆ ಕಿಟಕಿ ಪೂರ್ತಿ ಬಿಡುಗಡೆ ಎಂದು ಲೆಕ್ಕ ಹಾಕಿ, ಏನೂ ತಿಳಿಯದವರ ಹಾಗೆ ಕುರ್ಚಿಯಲ್ಲಿ ಕೂತು ಪೇಪರ್ ಹಿಡಿದರು.

ವಾರ ಕಳೆಯಿತು, ಎರಡು ವಾರ ಕಳೆಯಿತು. ಮನೆಯಾಕೆ ಬೀರು ತೆಗೆಯುತ್ತಾರೆ, ಮುಚ್ಚುತ್ತಾರೆ, ಚಕಾರವಿಲ್ಲ. ಯಜಮಾನರಿಗೆ ಹೆಂಡತಿಯ ಇಂದ್ರಿಯಗಳ ಬಗ್ಗೆ ನಿಜವಾಗಿಯೂ ಕನಿಕರ ಹುಟ್ಟಿತು. ತಮ್ಮವು ಮಾತ್ರ ದಿನೇ ದಿನೇ ಚುರುಕಾಗುತ್ತಿದ್ದವು. ಹಾಲಿನ ಬಲತುದಿಯಲ್ಲಿರುವ ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಮೊದಲು ಕೇಳುತ್ತಿರಲಿಲ್ಲ, ಈಗ ಒಂದೊಂದು ಹನಿಯೂ ಕಿವಿಯಲ್ಲೇ ಬಿದ್ದ ಹಾಗೆ ಕೇಳುತ್ತಿತ್ತು. ಸೋಪಿನ ವಾಸನೆಯಂತೂ ಮೂಗಿಗೆ ಬಡಿಯುತ್ತಿತ್ತು. ಓದಿನಿಂದ ಮಿದುಳು ಹರಿತವಾಗುತ್ತದೆ ಎಂದು ಅಂಗಡಿಯಲ್ಲಿ ಸಹೋದ್ಯೋಗಿಗಳಿಗೆ ಉಪನ್ಯಾಸ ಕೊಟ್ಟರು.

ನಲವತ್ತನೆಯ ದಿನ ಭಾನುವಾರವೇ ಬಂತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿ, ಮಗಳು ಇಬ್ಬರನ್ನೂ ಹಾಲಿಗೆ ಕರೆದರು.

"ಈ ಹಾಲಿನಲ್ಲಿ ಏನಾದ್ರೂ ಬದಲಾಗಿದೆಯಾ, ನೋಡಿ ಹೇಳಿ."

ಮನೆಯಾಕೆ ನಿಧಾನವಾಗಿ ಸುತ್ತ ನೋಡಿ, ಹೋಗಿ ಮಿಷನ್ನಿನ ಮುಂದೆ ಕೂತರು. "ನನಗೇನೋ ಎಲ್ಲಾ ಸರಿಯಾಗೇ ಇದೆ ಅನ್ಸತ್ತೆ. ನಿಮಗೆ?"

ಯಜಮಾನರು ಒಂದು ವಿಜಯದ ನಗೆ ನಕ್ಕು, ಪರದೆ ಎಳೆದು, ಕಿಟಕಿಯ ಎರಡೂ ಬಾಗಿಲು ತೆರೆದರು. ಹದಿನೆಂಟು ವರ್ಷ ಹೊರಗೆ ಕಾದಿದ್ದ ಬೆಳಕು ಒಮ್ಮೆಗೇ ಒಳಗೆ ನುಗ್ಗಿ ಹೊಲಿಗೆ ಮಿಷನ್ನಿನ ಮೇಲೆ ಬಿತ್ತು. ಮನೆಯಾಕೆ ದೀಪವಿಲ್ಲದೆ, ಕಣ್ಣು ಕಿರಿದು ಮಾಡದೆ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದರು.

ಯಜಮಾನರು ಕುರ್ಚಿಗಾಗಿ ಹುಡುಕಿದರು. ಅದು ಎಂದಿನಂತೆ ಬೀರುವಿನ ಎದುರಿಗೇ ಇತ್ತು. ಬೀರು ಈಗ ಬಚ್ಚಲಿನ ಹತ್ತಿರ ಇತ್ತು. ಆದ್ದರಿಂದ ಕುರ್ಚಿಯೂ ಬಚ್ಚಲಿನ ಬಾಗಿಲ ಪಕ್ಕಕ್ಕೇ ಬಂದು ನಿಂತಿತ್ತು.

ವಿಷಯ ಇಷ್ಟೇ. ಎರಡನೆಯ ದಿನ ಗುಡಿಸುವಾಗಲೇ ಮನೆಯಾಕೆಗೆ ಬೀರುವಿನ ಪಕ್ಕದಲ್ಲಿ ಬೆರಳಗಲದ ಧೂಳಿನ ಪಟ್ಟಿ ಕಂಡಿತ್ತು. ಮಗಳ ಪುಸ್ತಕದಲ್ಲಿ ಎರಡು ಗೆರೆಯೂ ಸಿಕ್ಕಿತ್ತು. ಅವತ್ತಿನಿಂದ ಯಜಮಾನರು ಸ್ನಾನಕ್ಕೆ ಹೋದಾಗೆಲ್ಲ ತಾಯಿ ಮಗಳು ಸೇರಿ ಕುರ್ಚಿಯನ್ನು ಬೆರಳಿನಷ್ಟು ಬಲಕ್ಕೆ ಜರುಗಿಸಿ, ಅದರ ಹಿಂದೆಯೇ ಮಿಷನ್ನನ್ನು ತರುತ್ತಿದ್ದರು. ಕೂತವರ ಎದುರಿಗೆ ದಿನವೂ ಅದೇ ಬೀರು ಇದ್ದುದರಿಂದ ಯಜಮಾನರು ಎಲ್ಲೂ ಹೋಗದೆ ಎರಡೂವರೆ ಅಡಿ ಪ್ರಯಾಣ ಮಾಡಿದ್ದರು.

"ಇದು ಮೋಸ," ಎಂದರು ಯಜಮಾನರು.

"ಬೀರು ತಳ್ಳಿದ್ದು ಯಾರು?" ಎಂದು ಕೇಳಿದರು ಮನೆಯಾಕೆ, ಹೊಲಿಗೆಯಿಂದ ತಲೆ ಎತ್ತದೆ. ಯಜಮಾನರು ಹೋಗಿ ಕುರ್ಚಿಯಲ್ಲಿ ಕೂತರು. ಆ ಮೂಲೆಯಲ್ಲಿ ಕತ್ತಲಿತ್ತು. ನಲ್ಲಿ ತೊಟ್ಟಿಕ್ಕುತ್ತಿತ್ತು.

ಆಗ ಮಗಳು ತನ್ನ ಪ್ರಾಯೋಗಿಕ ತರಗತಿಯ ಪುಸ್ತಕ ತಂದು ಅಪ್ಪನ ತೊಡೆಯ ಮೇಲಿಟ್ಟಳು. ಯಜಮಾನರು ಅದನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಪ್ರಯೋಗಕ್ಕೆ ಒಳಗಾದವರು: ಪುರುಷ, ವಯಸ್ಸು ಐವತ್ತಮೂರು, ವೃತ್ತಿ ಬಣ್ಣ ಬೆರೆಸುವುದು. ದೃಷ್ಟಿ: ಅತ್ಯುತ್ತಮ (ಅವರದೇ ಹೇಳಿಕೆ). ಅದರ ಕೆಳಗೆ ಮೂವತ್ತೆಂಟು ತಾರೀಕು, ಪ್ರತಿಯೊಂದರ ಮುಂದೆಯೂ ದುಂಡಗಿನ ಅಕ್ಷರದಲ್ಲಿ 'ಗಮನಿಸಲಿಲ್ಲ'.

"ಕೊನೇಲಿ ನೀವು ಸೈನ್ ಮಾಡ್ಬೇಕಪ್ಪ. ಮಾಡಿಲ್ಲ ಅಂದ್ರೆ ನನಗೆ ಮಾರ್ಕ್ಸ್ ಕೊಡಲ್ಲ."

ಮಗಳ ಮಾರ್ಕ್ಸಿನ ಪ್ರಶ್ನೆ ಬಂದ ಮೇಲೆ ಯಾವ ಅಪ್ಪ ತಾನೆ ಹಟ ಹಿಡಿದಾನು. ಯಜಮಾನರು ಪೆನ್ನು ತೆಗೆದರು. ಆದರೆ ಸಹಿ ಮಾಡಬೇಕಾದ ಗೆರೆ ಆ ಕತ್ತಲಲ್ಲಿ ಎಷ್ಟು ಹುಡುಕಿದರೂ ಕಾಣಲಿಲ್ಲ. ಕೊನೆಗೆ ಎದ್ದು ಮಿಷನ್ನಿನ ಹತ್ತಿರ ಹೋಗಿ, ಸ್ವಲ್ಪ ಜಾಗ ಬಿಡು ಎಂದು ಮೆತ್ತಗೆ ಕೇಳಿಕೊಂಡರು. ಮನೆಯಾಕೆ ಸಹಿ ಮುಗಿಯುವವರೆಗೆ ಬೆಳಕು ಬಿಟ್ಟುಕೊಟ್ಟು, ಆಮೇಲೆ ಮಿಷನ್ ತುಳಿಯತೊಡಗಿದರು.